ಕಲಾಯಿ ಖಾದರ್ ಸಾಬರು ಅಂದದ್ದು

ಹೋದ ತಿಂಗಳು ಹೊಳಲ್ಕೆರೆಯ ಸಂತೆ ಬೀದಿಯಲ್ಲಿ ಸೊಪ್ಪು ಕೊಳ್ಳುತ್ತ ನಿಂತಿದ್ದಾಗ ನವಸಾಗರದ ಹೊಗೆ ಮೂಗಿಗೆ ಬಡಿಯಿತು. ಯಾವುದೋ ಹೋಟೆಲಿನ ಹಿಂಬದಿಯಲ್ಲಿ ಮುದುಕನೊಬ್ಬ ಹಿತ್ತಾಳೆ ತಪ್ಪಲೆಗಳಿಗೆ ಕಲಾಯಿ ಹಾಕುತ್ತಿದ್ದ. ಕೆಂಪಗೆ ಕಾದ ಪಾತ್ರೆಯೊಳಗೆ ನವಸಾಗರದ ಬಿಳಿ ಪುಡಿ ಬೀಳುತ್ತಲೇ ಭಗ್ಗನೆ ಏಳುವ ಹೊಗೆ ಕಣ್ಣನ್ನು ಉರಿಸುತ್ತದೆ, ಗಂಟಲನ್ನು ಹಿಡಿಯುತ್ತದೆ. ಈಗಿನ ಸ್ಟೀಲು ಪಾತ್ರೆಯ ಮನೆಗಳ ಮಕ್ಕಳಿಗೆ ಅದು ಗೊತ್ತಿಲ್ಲ. ನಿಮ್ಮಲ್ಲಿ ನನ್ನ ವಯಸ್ಸಿನವರಿದ್ದರೆ ಗೊತ್ತಿರುತ್ತದೆ, ಹೊಗೆ ಚದುರಿದ ಮೇಲೆ ಪಾತ್ರೆಯ ಒಳಮೈ ಬೆಳ್ಳಿಯ ಹಾಗೆ ಹೊಳೆಯುವುದನ್ನು ನೋಡಲು ನಾವು ಹೇಗೆ ಮುಗಿಬೀಳುತ್ತಿದ್ದೆವು ಎಂದು. ನಾನು ಮಾತ್ರ ಅವತ್ತು ಅಲ್ಲಿ ನಿಲ್ಲಲಾಗದೆ, ಸೊಪ್ಪಿನ ಚೀಲ ಅಂಗಡಿಯಲ್ಲೇ ಬಿಟ್ಟು ಬಂದೆ. ನನಗೆ ಆ ಹೊಗೆಯ ಜೊತೆ ಸುಟ್ಟ ಚರ್ಮದ ವಾಸನೆಯೂ ಬರುತ್ತದೆ. ಮೂವತ್ತೈದು ವರ್ಷಗಳ ಮೇಲೂ ಬರುತ್ತದೆ.

ಹಿರಿಯೂರಿನಲ್ಲಿ, ವೇದಾವತಿಯ ಕಡೆಗೆ ಇಳಿಯುವ ಒಂದು ಓಣಿಯಲ್ಲಿ ನಮ್ಮ ಮನೆಯಿತ್ತು. ಅಪ್ಪ ತೀರಿಕೊಂಡಿದ್ದರು. ಮನೆಯಲ್ಲಿದ್ದವರು ಅಜ್ಜ, ಅವ್ವ, ಚಿಕ್ಕಪ್ಪ ಮತ್ತು ನಾನು. ಅಜ್ಜ ಯಲ್ಲದಕೆರೆ ಸುತ್ತಿನ ಹಳ್ಳಿಗಳಲ್ಲಿ ಮೇಷ್ಟ್ರಾಗಿದ್ದವರು, ಹೊಡೆಯುವ ಮೇಷ್ಟ್ರೆಂದೇ ಹೆಸರಾದವರು. ಹುಣಸೆ ಬರಲು ಮುರಿದರೆ ಕೈಯಲ್ಲೇ ಹೊಡೆಯುತ್ತಿದ್ದರಂತೆ. ಒಮ್ಮೆ ಲೆಕ್ಕ ತಪ್ಪಿದ ಹುಡುಗನೊಬ್ಬನ ಕಪಾಳಕ್ಕೆ ಬಿಗಿದ ಏಟಿಗೆ ಅವನ ಒಂದು ಕಿವಿಯೇ ಹೋಯಿತು. ಹುಡುಗನ ತಾಯಿ ಬಂದು ಜಗಳವಾಡಲಿಲ್ಲ. 'ಮೇಷ್ಟ್ರೇ, ಇವನಿಗೆ ಈ ಕಡೆಯಿಂದ ಕೇಳಲ್ಲ, ಮುಂದ್ಗಡೆ ಕುಂಡ್ರಿಸಿ' ಎಂದಷ್ಟೇ ಹೇಳಿ ಹೋದಳಂತೆ. ಅಂದಿನಿಂದ ಅಜ್ಜ ಕೈ ಎತ್ತುವುದನ್ನು ಬಿಟ್ಟರು. ಆದರೆ ಅಷ್ಟರೊಳಗೆ ಚಿಕ್ಕಪ್ಪ ಅವರ ಕೈಯಲ್ಲಿ ಬೇಕಾದಷ್ಟು ತಿಂದಿದ್ದ. ಅದೆಲ್ಲ ಅವನ ಮೈಯೊಳಗೆ ಉಳಿದುಕೊಂಡಿತ್ತು. ಊಟದ ತಟ್ಟೆಯನ್ನು ಗೋಡೆಗೆ ಎಸೆಯುತ್ತಿದ್ದ. ಎಮ್ಮೆಯನ್ನು ಬಾಯಿಗೆ ನೊರೆ ಬರುವ ತನಕ ಬಡಿಯುತ್ತಿದ್ದ. ಅವನು ಮನೆಯೊಳಗೆ ಕಾಲಿಟ್ಟನೆಂದರೆ ಅವ್ವನ ಬಳೆಯ ಸದ್ದೂ ನಿಂತುಹೋಗುತ್ತಿತ್ತು.

ನಮ್ಮ ಪಕ್ಕದ ಮನೆಯೇ ಖಾದರ್ ಸಾಬರದು. ತಲೆತಲಾಂತರದಿಂದ ಕಲಾಯಿಯ ಕೆಲಸ ಅವರದು. ಅಂಗಳದ ಬೇವಿನ ಮರದ ಕೆಳಗೆ ಇದ್ದಲಿನ ಗುಂಡಿ, ಪಕ್ಕದಲ್ಲಿ ಚರ್ಮದ ತಿದಿ, ಸುತ್ತ ಊರಿನವರೆಲ್ಲರ ಹಂಡೆ ಕೊಳಗಗಳು. ಮಕ್ಕಳಿರಲಿಲ್ಲ, ಅವರು ಮತ್ತು ಅವರ ಹೆಂಡತಿ ಬೀಬಿಜಾನ್ ಇಬ್ಬರೇ. ಸಂಜೆ ಕೆಲಸ ಮುಗಿಸಿ, ಮೈ ತೊಳೆದು, ನಮಾಜು ಮುಗಿಸಿಕೊಂಡು ಸಾಬರು ನಮ್ಮ ಜಗಲಿಗೆ ಬರುತ್ತಿದ್ದರು. 'ಬರ್ರಿ, ಕುಂತ್ಕಳ್ರಿ' ಎಂದು ಅಜ್ಜ ಚಾಪೆಯನ್ನು ಸರಿಸುತ್ತಿದ್ದರು. ಅಜ್ಜನ ಸಂಜೆಯ ಲಿಂಗಪೂಜೆ ಆಗಷ್ಟೇ ಮುಗಿದು, ಹಣೆಯ ವಿಭೂತಿ ಇನ್ನೂ ಹಸಿಯಾಗಿರುತ್ತಿತ್ತು. ಬೇರೆ ಮುದುಕರು ಮಳೆ ಬೆಳೆ ಮಾತಾಡಿದ ಹಾಗೆ ಇವರಿಬ್ಬರು ದೇವರ ಮಾತಾಡುತ್ತಿದ್ದರು. ಒಬ್ಬರು ಹೇಳುವಾಗ ಇನ್ನೊಬ್ಬರು ನಡುವೆ ಬಾಯಿ ಹಾಕುತ್ತಿರಲಿಲ್ಲ. ಹೇಳಿ ಮುಗಿದ ಮೇಲೆಯೇ ತಮ್ಮ ಪ್ರಶ್ನೆ ಕೇಳುತ್ತಿದ್ದರು. ಎದುರಿಗೆ ಏನೂ ಇಲ್ಲದೆ ಗೋಡೆಯ ಕಡೆ ಬಗ್ಗುವುದು ತನಗೆ ಅರ್ಥವೇ ಆಗುವುದಿಲ್ಲ ಎಂದು ಅಜ್ಜ ಒಮ್ಮೆ ನೇರವಾಗಿ ಹೇಳಿಬಿಟ್ಟರು. ಸಾಬರು ಸಿಟ್ಟಾಗಲಿಲ್ಲ. ಏನೂ ಇಲ್ಲದಿರುವುದರಿಂದಲೇ ತನಗೆ ಅಲ್ಲಿ ಬಗ್ಗಲು ಧೈರ್ಯ ಬರುತ್ತದೆ, ಏನಾದರೂ ಇದ್ದಿದ್ದರೆ ಅದರ ಅಂದಚೆಂದ ನೋಡುತ್ತ ಕುಳಿತುಬಿಡುತ್ತಿದ್ದೆ ಎಂದರು. ಅಜ್ಜ ಆ ಮಾತನ್ನು ಎರಡು ದಿನ ಬಾಯಲ್ಲಿಟ್ಟುಕೊಂಡು ಓಡಾಡಿದರು. ಒಪ್ಪಲಿಲ್ಲ, ಆದರೆ ಬಿಡಲೂ ಇಲ್ಲ.

ನಾನು ಕಂಬಕ್ಕೊರಗಿ ಕುಳಿತು ಎಲ್ಲವನ್ನೂ ಕೇಳುತ್ತಿದ್ದೆ. ನಾನಾಗ ಹನ್ನೊಂದು ವರ್ಷದ ಹುಡುಗಿ. ಒಂದು ಸಂಜೆ ಅಜ್ಜ ಕರಡಿಗೆ ಬಿಚ್ಚಿ, ಇಷ್ಟಲಿಂಗವನ್ನು ಅಂಗೈಯಲ್ಲಿಟ್ಟುಕೊಂಡು ಕೇಳಿದರು.

'ನಿಮ್ ಕಣ್ಣಿಗೆ ಇದು ಏನು ಕಾಣ್ತೈತೆ ಸಾಬ್ರೇ? ನನಗೆ ಬೇಜಾರಾಗ್ತೈತೆ ಅಂತ ಸುಳ್ಳು ಹೇಳ್ಬೇಡ್ರಿ.'

ಖಾದರ್ ಸಾಬರು ಬಹಳ ಹೊತ್ತು ನೋಡಿದರು. 'ಕಲ್ಲು ಕಾಣ್ತೈತೆ ಮೇಷ್ಟ್ರೇ. ಕರೀ ಕಲ್ಲು. ಆದ್ರೆ ಅದನ್ನ ಹಿಡ್ಕಂಡಾಗ ನಿಮ್ ಮುಖ ನೋಡ್ತೀನಲ್ಲ, ಆವಾಗ ನಾನು ಉಸಿರನ್ನೂ ಮೆಲ್ಲಗೆ ಬಿಡ್ಬೇಕು ಅನ್ನಿಸ್ತೈತೆ.'

ಅಜ್ಜನ ಕಣ್ಣುಗಳು ತುಂಬಿದ್ದವು. ಮೊದಲನೆಯ ಮಾತು ನಿಜವಾಗಿದ್ದರಿಂದಲೇ ಎರಡನೆಯದನ್ನು ನಂಬಿದೆ ಎಂದು ಅವರು ಆಮೇಲೆ ಅವ್ವನ ಹತ್ತಿರ ಹೇಳುತ್ತಿದ್ದರು.

ಇದಾದ ನಾಲ್ಕೈದು ದಿನಕ್ಕೆ ಶಾಲೆಯಲ್ಲಿ ನನ್ನ ಪಕ್ಕ ಕೂರುವ ಹುಡುಗಿಗೂ ನನಗೂ ಮಾತಿಗೆ ಮಾತು ಬೆಳೆಯಿತು. ಅವಳ ಮನೆಗೆ ಮಠದ ಸ್ವಾಮಿಗಳು ಬಂದಿದ್ದರೆಂದು ಜಂಬ ಕೊಚ್ಚುತ್ತಿದ್ದಳು. ಅವಳಿಗಿಂತ ನನಗೆ ಹೆಚ್ಚು ಗೊತ್ತೆಂದು ತೋರಿಸಬೇಕಿತ್ತು. ನಮ್ಮ ಜಗಲಿಯಲ್ಲಿ ದಿನಾ ದೇವರ ಮಾತು ನಡೆಯುತ್ತದೆ, ಲಿಂಗ ಅಂದರೆ ಕರಿ ಕಲ್ಲು ಅಂತ ಖಾದರ್ ಸಾಬರು ಅಂದರು, ನಮ್ಮಜ್ಜ ಸುಮ್ಮನಿದ್ದರು ಎಂದೆ. ಅಷ್ಟರಲ್ಲಿ ಗಂಟೆ ಹೊಡೆಯಿತು. ಉಳಿದದ್ದನ್ನು ಹೇಳಬೇಕೆಂದು ನನಗೆ ಅನ್ನಿಸಲೂ ಇಲ್ಲ. ಆ ಹುಡುಗಿಯ ಅಣ್ಣ ಚಿಕ್ಕಪ್ಪನ ಗೆಳೆಯ. ಆ ದಿನಗಳಲ್ಲಿ ಊರಿನ ಗಾಳಿಯೂ ಸರಿಯಿರಲಿಲ್ಲ. ಎಲ್ಲೆಲ್ಲಿಯದೋ ಗಲಭೆಯ ಸುದ್ದಿ ಪೇಪರಿನಲ್ಲಿ ಬರುತ್ತಿತ್ತು, ಹುಡುಗರು ಬಸ್ ಸ್ಟ್ಯಾಂಡಿನಲ್ಲಿ ಗುಂಪು ಕಟ್ಟಿ ನಿಲ್ಲುತ್ತಿದ್ದರು. ನನ್ನ ಅರ್ಧ ಮಾತು ಅವರ ಕೈಗೆ ಸಿಕ್ಕಿತು.

ಅದು ಭಾನುವಾರ, ಬಿಸಿಲು ನೆತ್ತಿಗೇರಿದ ಹೊತ್ತು. ಖಾದರ್ ಸಾಬರು ಬೇವಿನ ಕೆಳಗೆ ಕೂತು ನಮ್ಮದೇ ಮನೆಯ ಕೊಳಗವನ್ನು ಇದ್ದಲ ಮೇಲೆ ತಿರುಗಿಸುತ್ತಿದ್ದರು. ನಾನು ನಮ್ಮ ಬಾಗಿಲಲ್ಲಿ ನಿಂತು ಆ ಬೆಳ್ಳಿಯ ಹೊಳಪು ಬರುವುದನ್ನೇ ಕಾಯುತ್ತಿದ್ದೆ. ಹತ್ತು ಹನ್ನೆರಡು ಜನ ಓಣಿಯೊಳಗೆ ಬಂದರು. ಮುಂದೆ ಚಿಕ್ಕಪ್ಪ. ಯಾರೂ ಕೂಗಲಿಲ್ಲ, ಅದೇ ನನಗೆ ಇವತ್ತಿಗೂ ಭಯ. ಚಿಕ್ಕಪ್ಪ ಮೊದಲು ತಿದಿಯನ್ನು ಒದ್ದ. ಒಬ್ಬ ಸೌದೆಯ ತುಂಡಿನಿಂದ ಸಾಬರ ಬೆನ್ನಿಗೆ ಹೊಡೆದ, ಅವರು ಮುಗ್ಗರಿಸಿ ಬಿದ್ದರು. ಬಿದ್ದವರನ್ನು ಕಾಲಿನಿಂದ ಹೊರಳಿಸಿದರು. ಬಾಯಿ ಒಡೆದು ಬಿಳಿಯ ಗಡ್ಡಕ್ಕೆ ರಕ್ತ ಇಳಿಯಿತು.

'ಲಿಂಗಕ್ಕೆ ಏನಂದ್ಯೋ? ಹೇಳೋ' ಎಂದ ಚಿಕ್ಕಪ್ಪ.

'ಅಂದಿದ್ದು ಹೌದಪ್ಪ. ಏನಂದೆ ಅಂತ ಪೂರ್ತಿ ಕೇಳ್ರಿ' ಎಂದರು ಸಾಬರು.

ಪೂರ್ತಿ ಕೇಳಲು ಅಲ್ಲಿ ಯಾರೂ ಬಂದಿರಲಿಲ್ಲ. ಇಬ್ಬರು ಅವರ ಭುಜ ಅದುಮಿ ಹಿಡಿದರು. ಚಿಕ್ಕಪ್ಪ ಅವರ ಬಲಗೈಯ ಮಣಿಕಟ್ಟು ಹಿಡಿದು, 'ಇದೂ ಕಲ್ಲೇ ಏನು ನೋಡು' ಎಂದು ಕೆಂಡದ ಗುಂಡಿಯೊಳಗೆ ಒತ್ತಿದ. ಒತ್ತಿ ಹಿಡಿದ. ಆ ಚೀತ್ಕಾರವನ್ನು ನಾನು ಬರೆಯಲಾರೆ. ಅಜ್ಜ ಪೂಜೆಗೆ ಉಟ್ಟಿದ್ದ ಒದ್ದೆ ಪಂಚೆಯಲ್ಲೇ ಓಡಿಬಂದು ಮಗನ ತೋಳಿಗೆ ಜೋತುಬಿದ್ದರು. ಚಿಕ್ಕಪ್ಪ ತಿರುಗಿಯೂ ನೋಡದೆ ಮೊಣಕೈಯಿಂದ ನೂಕಿದ. ಅಜ್ಜನ ತಲೆ ಮೆಟ್ಟಿಲಿನ ಕಲ್ಲಿಗೆ ಬಡಿದ ಸದ್ದು ನನಗೆ ಕೇಳಿಸಿತು, ತೆಂಗಿನಕಾಯಿ ಒಡೆದ ಹಾಗೆ. ಒಳಗಿನಿಂದ ಬೀಬಿಜಾನ್ ನೀರಿನ ಕೊಡವನ್ನು ಎತ್ತಿ ತಂದು ಕೆಂಡದ ಮೇಲೆ ಸುರಿದಳು. ಬೂದಿ, ಹಬೆ, ಹೊಗೆ ಒಟ್ಟಿಗೆ ಎದ್ದು ಯಾರ ಮುಖ ಯಾರಿಗೂ ಕಾಣದಂತಾಯಿತು. ಹೊಗೆ ಸರಿದಾಗ ಅವರೆಲ್ಲ ಓಡಿಹೋಗಿದ್ದರು. ಅಷ್ಟು ಹೊತ್ತೂ ನಾನು ಬಾಗಿಲ ಚೌಕಟ್ಟು ಹಿಡಿದು ನಿಂತೇ ಇದ್ದೆ. ಸಾಬರ ಮಾತಿನ ಉಳಿದರ್ಧವನ್ನು ಜಗಲಿಯಲ್ಲಿ ಕಿವಿಯಾರೆ ಕೇಳಿದ್ದವಳು ಆ ಓಣಿಯಲ್ಲಿ ನಾನೊಬ್ಬಳೇ ಇದ್ದೆ, ಅಜ್ಜ ಬಿದ್ದ ಮೇಲೆ. ಕೂಗಿ ಹೇಳಬಹುದಿತ್ತು. ಬಾಯಿ ತೆರೆಯಲಿಲ್ಲ.

ಆಸ್ಪತ್ರೆಯಲ್ಲಿ ಅಜ್ಜನ ತಲೆಗೆ ಹನ್ನೊಂದು ಹೊಲಿಗೆ ಹಾಕಿದರು. ಪೊಲೀಸಿನವರು ಬಂದಾಗ ನಮ್ಮ ನೆಂಟರು ಮಂಚದ ಸುತ್ತ ನಿಂತು, ಬಿಸಿಲಿಗೆ ತಲೆ ತಿರುಗಿ ಬಿದ್ದೆ ಅನ್ನಿ, ಯಾರೆಂದು ಗೊತ್ತಾಗಲಿಲ್ಲ ಅನ್ನಿ ಎಂದು ಹೇಳಿಕೊಟ್ಟರು. ಅಜ್ಜ ಮಗನ ಹೆಸರನ್ನು ಹೇಳಿದರು. ತಂದೆಯ ಹೆಸರೇನೆಂದು ಬರೆದುಕೊಳ್ಳುವವನು ಕೇಳಿದಾಗ ತಮ್ಮ ಹೆಸರನ್ನೂ ಹೇಳಿದರು. ಅಂದಿನಿಂದ ನಮ್ಮ ಮನೆಗೆ ಬರುವವರು ಬೈಯಲೆಂದೇ ಬರತೊಡಗಿದರು. ಸ್ವಂತ ಮಗನನ್ನು ಜೈಲಿಗೆ ಕಳಿಸಿದ ಎಂದು ಚಿಕ್ಕಪ್ಪನ ಅಕ್ಕ, ನಮ್ಮ ದೊಡ್ಡತ್ತೆ, ಅಂಗಳದಲ್ಲಿ ಮಣ್ಣು ತೂರಿದಳು. ಯಾರೋ ಎಮ್ಮೆಯ ಕಾಲು ಮುರಿದರು. ಬಂದ ಪ್ರತಿಯೊಬ್ಬರಿಗೂ ಅಜ್ಜ ಆ ಸಂಜೆಯ ಮಾತನ್ನು ಮೊದಲಿನಿಂದ ಕೊನೆಯ ತನಕ ಹೇಳುತ್ತಿದ್ದರು, ತಾವು ಕೇಳಿದ್ದೇನು, ಸಾಬರು ಅಂದದ್ದೇನು. ಹೆಚ್ಚಿನವರು ಕಲ್ಲು ಎಂಬಲ್ಲಿಗೇ ಎದ್ದುಹೋಗುತ್ತಿದ್ದರು. 'ಇನ್ನೂ ಮುಗಿದಿಲ್ಲ, ಕುಂತ್ಕಳ್ರಿ' ಎಂದು ಅಜ್ಜ ಅವರ ಬೆನ್ನಿಗೆ ಹೇಳುತ್ತಿದ್ದುದು ನನಗೆ ಒಳಗಿನ ತನಕ ಕೇಳಿಸುತ್ತಿತ್ತು.

ಜಗಲಿಯಲ್ಲಿ ಆಡಿದ ಮಾತು ಹೊರಗೆ ಹೋದದ್ದು ಹೇಗೆಂದು ಅವರು ಯಾರನ್ನೂ ಕೇಳಲಿಲ್ಲ. ಕೇಳದೇ ಇದ್ದುದೇ ನನ್ನನ್ನು ತಿನ್ನುತ್ತಿತ್ತು. ಹದಿನೈದು ದಿನ ತಡೆದು, ಒಂದು ಬೆಳಿಗ್ಗೆ ಅವರಿಗೆ ಹಾಲು ಕೊಡಲು ಹೋದಾಗ ಹೇಳಿಬಿಟ್ಟೆ. ಮಾತು ಮುಗಿಯುವ ಮೊದಲೇ ಅಜ್ಜನ ಕೈ ಎದ್ದಿತು. ನಾನು ಲೋಟದ ಸಮೇತ ಗೋಡೆಗೆ ಹೋಗಿ ಬಿದ್ದೆ. ತುಟಿ ಒಡೆಯಿತು. ಎಷ್ಟೋ ವರ್ಷಗಳ ಮೇಲೆ ಎದ್ದ ಆ ಕೈಯನ್ನು ಅಜ್ಜ ತೊಡೆಯ ಕೆಳಗೆ ಸೇರಿಸಿಕೊಂಡು ಅದರ ಮೇಲೆ ಕೂತರು.

'ತಪ್ಪಾತು. ಈಗ ಹೇಳವ್ವ, ಮೊದ್ಲಿಂದ. ನಾನು ನಡುವೆ ಬಾಯಿ ಹಾಕಲ್ಲ.'

ಹೇಳಿದೆ. ಕೊನೆಯ ತನಕ ಕೇಳಿದರು. ಸಾಬರಿಗೆ ನಾನು ಹೇಳುವುದಿಲ್ಲ, ಅದನ್ನು ನೀನೇ ಹೇಳಬೇಕು, ಯಾವಾಗ ಆಗುತ್ತದೋ ಆಗ ಎಂದರು. ಆದರೆ ಖಾದರ್ ಸಾಬರು ಆಸ್ಪತ್ರೆಯಿಂದ ಓಣಿಗೆ ಮರಳಲೇ ಇಲ್ಲ. ಬಲಗೈಯ ಬೆರಳುಗಳು ಒಂದಕ್ಕೊಂದು ಅಂಟಿ ಮುರುಟಿಹೋಗಿದ್ದವು. ಬೀಬಿಜಾನಳ ಅಣ್ಣಂದಿರು ಬಂದು ಇಬ್ಬರನ್ನೂ ಚಿತ್ರದುರ್ಗಕ್ಕೆ ಕರೆದುಕೊಂಡು ಹೋದರು. ಕಲಾಯಿಗೆಂದು ಕೊಟ್ಟಿದ್ದ ಊರವರ ಪಾತ್ರೆಗಳನ್ನು ಬೀಬಿಜಾನ್ ಹೋಗುವ ಮುಂಚೆ ಒಂದೊಂದಾಗಿ ಅವರವರ ಬಾಗಿಲಲ್ಲಿ ಇಟ್ಟುಹೋಗಿದ್ದಳು. ಅಜ್ಜ ತಿಂಗಳಿಗೊಮ್ಮೆ ಬಸ್ಸು ಹತ್ತಿ ಚಿತ್ರದುರ್ಗಕ್ಕೆ ಹೋಗಿಬರುತ್ತಿದ್ದರು. ಮೊದಲ ಎರಡು ಸಲ ಸಾಬರು ಹೊರಗೇ ಬರಲಿಲ್ಲವಂತೆ. ಮೂರನೆಯ ಸಲ ಬಂದು ಅಜ್ಜನ ಎದುರು ಕೂತರಂತೆ. ಆಮೇಲಾಮೇಲೆ ಇಬ್ಬರೂ ಚಂದ್ರವಳ್ಳಿಯ ಕಡೆ ನಡೆದುಹೋಗಿ ಕೆರೆಯ ದಡದಲ್ಲಿ ಕೂರುತ್ತಿದ್ದರೆಂದು ಕೇಳಿದ್ದೆ. ಏನು ಮಾತಾಡುತ್ತಿದ್ದರೋ ನನಗೆ ತಿಳಿಯದು. ನಾನು ಒಮ್ಮೆಯೂ ಜೊತೆಗೆ ಹೋಗಲಿಲ್ಲ. ಪ್ರತಿ ಸಲ ಏನಾದರೊಂದು ನೆಪ ಇರುತ್ತಿತ್ತು.

ಅಜ್ಜ ತೀರಿಕೊಂಡಾಗ ನಾನು ಕಾಲೇಜಿನಲ್ಲಿದ್ದೆ. ಆದಿವಾಲದ ನಮ್ಮ ಹೊಲದಲ್ಲಿ ಗುಂಡಿ ತೋಡಿ, ವಿಭೂತಿ ಬಿಲ್ವಪತ್ರೆ ಹಾಕಿ, ಅಂಗೈಯಲ್ಲಿ ಲಿಂಗವಿಟ್ಟು ಅವರನ್ನು ಕೂರಿಸಿದ್ದರು. ಮಣ್ಣು ಹಾಕುವ ಹೊತ್ತಿಗೆ ಖಾದರ್ ಸಾಬರು ಹೊಲದ ಬದುವಿನ ಮೇಲೆ ನಡೆದು ಬಂದರು. ತುಂಬಾ ಇಳಿದುಹೋಗಿದ್ದರು. ಕ್ರಿಯೆ ನಡೆಸುತ್ತಿದ್ದ ಅಯ್ಯನವರ ಎದುರು ನಿಂತು, ನಾನೂ ಒಂದು ಹಿಡಿ ಹಾಕಬಹುದಾ ಎಂದು ಕೇಳಿದರು. ಜನ ಗುಸುಗುಟ್ಟಿದರು. ಅಯ್ಯನವರು ಜಾಗ ಬಿಟ್ಟು ಸರಿದರು. ಸಾಬರು ಎಡಗೈಯಲ್ಲಿ ಮಣ್ಣು ತೆಗೆದುಕೊಂಡು, ಬಗ್ಗಿ, ಅಜ್ಜನ ಮುಖ ನೋಡಿ, ಮೆಲ್ಲಗೆ ಬಿಟ್ಟರು. ಜೈಲಿನಿಂದ ಬಂದ ಮೇಲೆ ಬೇರೆ ಮನೆ ಮಾಡಿದ್ದ ಚಿಕ್ಕಪ್ಪ, ಕರ್ಮ ಮಾಡುತ್ತಿದ್ದವನು, ಅವರನ್ನು ಕಂಡದ್ದೇ ಎದ್ದು ಹೊಲದಲ್ಲಿ ನಿಲ್ಲಿಸಿದ್ದ ಟ್ರಾಕ್ಟರಿನ ಆಚೆ ಬದಿಗೆ ಹೋಗಿ ನಿಂತ. ಅವರು ಹೋಗುವ ತನಕ ಈಚೆ ಬರಲಿಲ್ಲ. ಅವನು ಸಾಯುವ ತನಕವೂ ಆ ಭಾನುವಾರದ ಬಗ್ಗೆ ತುಟಿ ಬಿಚ್ಚಲಿಲ್ಲ.

ನಾನು ಸಾಬರ ಹಿಂದೆಯೇ ಟಾರು ರಸ್ತೆಯ ತನಕ ಹೋದೆ. ಬಸ್ಸು ನಿಲ್ಲುವಲ್ಲಿ ಒಂದು ಕಲ್ಲು ಬೆಂಚು ಇತ್ತು. ಅಲ್ಲಿ ಕೂತು ಹೇಳಿದೆ. ಶಾಲೆ, ಆ ಹುಡುಗಿ, ನನ್ನ ಜಂಬ, ಹೊಡೆದ ಗಂಟೆ, ಬಾಗಿಲಲ್ಲಿ ನಿಂತೇ ಇದ್ದದ್ದು. ಅವರು ಒಮ್ಮೆಯೂ ನಡುವೆ ಮಾತಾಡಲಿಲ್ಲ. ಚಿತ್ರದುರ್ಗದ ಬಸ್ಸು ಬಂತು, ಅವರು ಕೈ ಎತ್ತಲಿಲ್ಲ, ಅದು ಹೋಯಿತು. ನಾನು ಹೇಳಿ ಮುಗಿಸಿದೆ.

'ಕೇಳಿಸ್ಕಂಡೆ ಕಣಮ್ಮ' ಎಂದರು. 'ಸಣ್ಣ ಹುಡುಗಿ, ಹೋಗ್ಲಿ ಬಿಡು ಅನ್ಬೋದು. ಅಂದ್ರೆ ಸುಳ್ಳಾಗ್ತೈತೆ. ನಿಮ್ಮಜ್ಜನ ಹತ್ರ ನಾನು ಸುಳ್ಳು ಹೇಳ್ದೋನಲ್ಲ, ನಿನ್ ಹತ್ರಾನೂ ಹೇಳಲ್ಲ.'

ನಾನು ಅಳುತ್ತ ಏಳಹೋದೆ. ಅವರು ಎಡಗೈಯಿಂದ ಬೆಂಚಿನ ಮೇಲೆ ಮೆಲ್ಲಗೆ ತಟ್ಟಿದರು.

'ಕುಂತ್ಕ. ಇನ್ನೊಂದು ಬಸ್ಸಿಗೆ ಹೊತ್ತೈತೆ. ಮೇಷ್ಟ್ರು ಕೊನೇಗೆ ಹೆಂಗಿದ್ರು, ಏನೇನು ಮಾತಾಡಿದ್ರು, ಹೇಳು.'

ಕೊನೆಯ ವಾರ ಅಜ್ಜ ಊಟ ಬಿಟ್ಟದ್ದನ್ನು ಹೇಳಿದೆ. ಮಗನನ್ನು ಒಮ್ಮೆ ಹೆಸರು ಹಿಡಿದು ಕರೆದು, ಅವನು ಬಂದಾಗ ಗೋಡೆಯ ಕಡೆ ತಿರುಗಿ ಮಲಗಿದ್ದನ್ನು ಹೇಳಿದೆ. ಸಾಯುವ ಹಿಂದಿನ ದಿನ ಅವ್ವನನ್ನು ಕರೆದು, ಎಮ್ಮೆಗೆ ನೀರಿಟ್ಟಿರಾ ಎಂದು ಕೇಳಿದ್ದನ್ನೂ ಹೇಳಿದೆ. ಎಮ್ಮೆ ಇಲ್ಲದೆ ಆಗಲೇ ಎಷ್ಟೋ ವರ್ಷವಾಗಿತ್ತು. ಖಾದರ್ ಸಾಬರು ತಲೆಯಾಡಿಸುತ್ತಿದ್ದರು. ನಾನು ತಡವರಿಸಿದಾಗಲೆಲ್ಲ ಆಮೇಲೆ, ಆಮೇಲೆ ಎನ್ನುತ್ತಿದ್ದರು.