ಒಂದನೇ ನಂಬರಿನ ಡಬ್ಬಿ

ಆಸ್ಪತ್ರೆಯ ಔಷಧ ಉಗ್ರಾಣವನ್ನು ಮೂವತ್ತೊಂದು ವರ್ಷ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾದ ಆ ಮನುಷ್ಯನಿಗೆ ಜೊತೆಯವರು ಇಟ್ಟ ಹೆಸರು ಉಗ್ರಾಣಪ್ಪ. ಎದುರಿಗೆ ಯಾರೂ ಹಾಗೆ ಕರೆಯುತ್ತಿರಲಿಲ್ಲ. ಆದರೂ ಅವರಿಗೆ ಗೊತ್ತಿತ್ತು; ಆ ಉಗ್ರಾಣದಲ್ಲಿ ಅವರಿಗೆ ಗೊತ್ತಿಲ್ಲದ್ದು ಏನಿತ್ತು ಹೇಳಿ? ಹಳೆಯದು ಮುಂದೆ, ಹೊಸದು ಹಿಂದೆ, ಕಪಾಟಿನಲ್ಲಿ ಇರುವುದೆಲ್ಲ ಪಟ್ಟಿಯಲ್ಲಿ ಇರಬೇಕು. ಅವಧಿ ಮೀರಿದ ಒಂದೇ ಒಂದು ಸೀಸೆ ಎಸೆಯಬೇಕಾಗಿ ಬಂದರೂ ಆ ದಿನ ಅವರ ಮುಖ ನೋಡುವ ಹಾಗಿರಲಿಲ್ಲ.

ಮನೆಯಲ್ಲಿ ಮಾತ್ರ ಈ ದರ್ಬಾರು ನಡೆಯುತ್ತಿರಲಿಲ್ಲ. ಅಡುಗೆಮನೆ ಹೆಂಡತಿಯದು. ಆಕೆ ಕಣ್ಣಳತೆಯಲ್ಲೇ ಅಡುಗೆ ಮಾಡಿ, ಮಿಕ್ಕಿದ್ದನ್ನು ಡಬ್ಬಿಗೆ ತುಂಬಿ, ಮುಚ್ಚಳದ ಮೇಲೆ ದಪ್ಪ ಪೆನ್ನಿನಲ್ಲಿ ಏನಾದರೊಂದು ಗೀಚಿ ಫ್ರೀಜರಿಗೆ ತಳ್ಳುತ್ತಿದ್ದರು. "ಇದಕ್ಕೊಂದು ಪಟ್ಟಿ ಮಾಡೋಣ್ವಾ?" ಎಂದು ಇವರು ಕೇಳಿದರೆ, "ನಿಮ್ಮ ಪಟ್ಟಿ ನಿಮ್ಮ ಗುಳಿಗೆಗಳಿಗೇ ಇರ್ಲಿ. ನನ್ನ ಪಾತ್ರೆಗಳಿಗೆ ಓದೋಕೆ ಬರಲ್ಲ" ಎನ್ನುವರು.

ಹೋದ ವರ್ಷ ಆಕೆ ತೀರಿಕೊಂಡರು. ಬೆಳಿಗ್ಗೆ ಎದೆನೋವು ಅಂದರು, ಮಧ್ಯಾಹ್ನಕ್ಕೆ ಎಲ್ಲ ಮುಗಿದಿತ್ತು. ಉಗ್ರಾಣಪ್ಪ ಅಳಲಿಲ್ಲ. ನೋಡಲು ಬಂದವರು, ಗಟ್ಟಿ ಮನುಷ್ಯ ಎಂದು ಹೊಗಳಿ ಹೋದರು. ಗಟ್ಟಿಯೂ ಇಲ್ಲ, ಮಣ್ಣೂ ಇಲ್ಲ. ಹಲ್ಲು ಕೀಳುವ ಮೊದಲು ವಸಡಿಗೆ ಸೂಜಿ ಚುಚ್ಚಿದ ಹಾಗೆ ಒಳಗೆಲ್ಲ ಮರಗಟ್ಟಿತ್ತು, ಅಷ್ಟೇ. ಹೊತ್ತಿಗೆ ಸರಿಯಾಗಿ ಉಣ್ಣುತ್ತಿದ್ದರು. ಉಂಡದ್ದು ಏನು ಎಂದು ಕೇಳಿದರೆ ಹೇಳಲು ಬರುತ್ತಿರಲಿಲ್ಲ.

ಮೂರನೇ ವಾರ ಫ್ರಿಜ್ಜಿನಿಂದ ವಾಸನೆ ಬಂತು. ತೆಗೆದು ನೋಡಿದರೆ ಕೊಳೆತ ಸೊಪ್ಪು, ಒಡೆದ ಹಾಲು, ಅಕ್ಕಪಕ್ಕದವರು ತಂದುಕೊಟ್ಟು ಯಾರೂ ಮುಟ್ಟದ ಊಟ. ಅಪ್ಪ ಮಗ ಸೇರಿ ಎರಡು ಚೀಲ ತುಂಬ ಹೊರಗೆ ಹಾಕಿದರು. ಮರುದಿನವೇ ಉಗ್ರಾಣಪ್ಪ ಒಂದು ನೋಟ್‌ಬುಕ್ಕು, ಒಂದು ಪುಟ್ಟ ತಕ್ಕಡಿ, ನಂಬರಿನ ಚೀಟಿಗಳು ತಂದರು. ಎಡಗಡೆ ಪುಟದಲ್ಲಿ ಮನೆಯಲ್ಲಿ ಏನೇನಿದೆ, ಬಲಗಡೆ ಏನೇನು ಎಸೆದಾಯಿತು, ಎಷ್ಟು ಗ್ರಾಂ. ಶನಿವಾರ ಸಂಜೆ ಕೂತು, ಹಳೆಯದನ್ನು ಮೊದಲು ಖಾಲಿ ಮಾಡುವ ಹಾಗೆ ಮುಂದಿನ ವಾರದ ಅಡುಗೆ ಗೊತ್ತು ಮಾಡುವರು, ಆಮೇಲೆ ಕೊಳ್ಳುವುದು. ಮೊದಲ ತಿಂಗಳು ಆರು ಕಿಲೋ ಎಸೆದಿದ್ದ ಮನೆಯಲ್ಲಿ ಆರನೇ ತಿಂಗಳಿಗೆ ಮುನ್ನೂರು ಗ್ರಾಂ ಆಯಿತು. ಆ ಅಂಕಿ ಇಳಿಯುವುದನ್ನು ನೋಡುವುದೊಂದೇ ಅವರಿಗೆ ಬೇಕಾಗಿದ್ದದ್ದು.

ಆದರೆ ಪಟ್ಟಿ ಮಾಡಿದ ಮೊದಲ ದಿನವೇ ಫ್ರೀಜರಿನ ತಳದಲ್ಲಿ ಹೆಂಡತಿಯ ಡಬ್ಬಿಯೊಂದು ಸಿಕ್ಕಿತ್ತು. ಮುಚ್ಚಳದ ಮೇಲೆ ಆಕೆಯ ಅಕ್ಷರ. ಉಗ್ರಾಣಪ್ಪ ಓದಲಿಲ್ಲ. ಓದಲು ಆಗದೆ ಅದರ ಮೇಲೆ ಅಗಲವಾದ ಚೀಟಿ ಅಂಟಿಸಿ, ಒಂದು ಎಂದು ಬರೆದರು. ಪಟ್ಟಿಯಿಂದ ಹೊರಗಿಡಲು ಮೂವತ್ತೊಂದು ವರ್ಷದ ಕೈ ಕೇಳಬೇಕಲ್ಲ! ಡಬ್ಬಿಯ ಬದಿಯಲ್ಲಿ ಕಂಡ ಕೆಂಪು ನೋಡಿ 'ಟೊಮೆಟೊ ಸೂಪು' ಎಂದು ಬರೆದು, ತಾರೀಖಿನ ಜಾಗದಲ್ಲಿ 'ಹಳೇ ದಾಸ್ತಾನು' ಎಂದು ತುಂಬಿಸಿದರು. ಅಲ್ಲಿಂದ ಪ್ರತಿ ಶನಿವಾರ ಅವರ ಯೋಜನೆ ಎರಡನೇ ಸಾಲಿನಿಂದ ಶುರುವಾಗುತ್ತಿತ್ತು. ಆಕೆ ಮಾಡಿಟ್ಟ ಅಡುಗೆ ಅದೊಂದೇ ಉಳಿದಿತ್ತು. ಇದು ಮಗನಿಗೂ ಗೊತ್ತಿರಲಿಲ್ಲ.

ನಾಲ್ಕು ತಿಂಗಳ ಹಿಂದೆ ಸೊಸೆ ಬಂದಳು. ಬಸ್ ಡಿಪೋದಲ್ಲಿ ಡ್ರೈವರುಗಳಿಗೆ ಪಾಳಿ ಹಾಕುವ ಕೆಲಸ ಅವಳದು. ನೋಟ್‌ಬುಕ್ಕು ನೋಡಿದ್ದೇ ಅವಳ ಕಣ್ಣು ಅರಳಿತು. "ಒಂದೇ ಮನೇಲಿ ಇಬ್ಬರು ಉಗ್ರಾಣಪ್ಪಂದಿರಾದ್ರೆ ನನ್ನ ಗತಿ ಏನು?" ಎಂದು ಮಗ ತಲೆ ಚಚ್ಚಿಕೊಂಡ.

ಮೊನ್ನೆ ಉಗ್ರಾಣಪ್ಪನವರ ಕಣ್ಣಿನ ಪೊರೆ ತೆಗೆಸಿದರು. ಹತ್ತು ದಿನ ಕಪ್ಪು ಕನ್ನಡಕ ಹಾಕಿರಬೇಕು, ಓದಕೂಡದು, ಕಣ್ಣಿಗೆ ನೀರು ತಾಗಕೂಡದು ಎಂದು ಡಾಕ್ಟರ ಕಟ್ಟಪ್ಪಣೆ. ನೋಟ್‌ಬುಕ್ಕು ಸೊಸೆಯ ಕೈಗೆ ಹೋಯಿತು.

"ಹಳೇದು ಮೊದಲು, ಅಷ್ಟೇ ಕಣಮ್ಮ. ಪಟ್ಟಿ ಹೇಳಿದ ಹಾಗೆ ಹೋಗು, ನಿನ್ನ ತಲೆ ಓಡಿಸ್ಬೇಡ" ಎಂದರು. ಒಂದನೇ ಸಾಲಿನ ಮಾತು ಬಾಯಿಯವರೆಗೆ ಬಂತು. ಹೇಳಿದರೆ ಯಾಕೆ ಎಂದೂ ಹೇಳಬೇಕಾಗುತ್ತದೆ. ಶನಿವಾರದೊಳಗೆ ಹೇಳಿದರಾಯಿತು ಎಂದುಕೊಂಡರು. ಶನಿವಾರವೂ ಹೇಳಲಿಲ್ಲ.

ಭಾನುವಾರ ಮಧ್ಯಾಹ್ನ ಮಗ ಕೆಲಸಕ್ಕೆ ಹೋಗಿದ್ದ. ಸೊಸೆ ಬಟ್ಟಲಿನಲ್ಲಿ ಸೂಪು, ಪಕ್ಕದಲ್ಲಿ ಬ್ರೆಡ್ಡು ತಂದಿಟ್ಟಳು. ಮಾವ ಒಂದು ಚಮಚ ಬಾಯಿಗಿಟ್ಟು, "ಉಪ್ಪೇ ಇಲ್ವಲ್ಲಮ್ಮ" ಎಂದರು. ಉಪ್ಪು ಬಂತು. ತಡವಿ ಎರಡು ಚಿಟಿಕೆ ಹಾಕಿಕೊಂಡು, ಏನೋ ಯೋಚಿಸುತ್ತಾ, ಯೋಚಿಸದೆಯೂ, ಉಂಡರು. ತಳದಲ್ಲಿ ಸ್ವಲ್ಪ ಬಿಟ್ಟರು. ಈಚೆಗೆ ಹಾಗೇ, ಎಷ್ಟು ಹೊತ್ತಿಗೆ ಸಾಕಾಯಿತೆಂದು ಅವರಿಗೇ ತಿಳಿಯುತ್ತಿರಲಿಲ್ಲ.

ಸೊಸೆ ಬಟ್ಟಲನ್ನು ತಕ್ಕಡಿಯ ಮೇಲಿಟ್ಟಳು. "ಬಟ್ಟಲಿನ ತೂಕ ಕಳೆದು ಮೂವತ್ತೈದು ಗ್ರಾಂ! ನನ್ನ ಮೊದಲ ವಾರದಲ್ಲೇ ನೀವು ಸೊನ್ನೆ ಕೆಡಿಸಿಬಿಟ್ರಲ್ಲ ಮಾವ."

"ಯಾವ ನಂಬರಿಂದು?" ರೂಢಿಯ ಬಲದಿಂದ ಕೇಳಿದರು.

"ಒಂದು. ಪಾಪ, ಎಷ್ಟು ದಿನದಿಂದ ಅಡಿಯಲ್ಲಿ ಬಿದ್ದಿತ್ತೋ."

ಉಗ್ರಾಣಪ್ಪ ಕುರ್ಚಿಯಿಂದ ಎದ್ದರು. "ಡಬ್ಬಿ ಎಲ್ಲಿ?" ಎಂದರು.

"ಸಿಂಕಲ್ಲಿ ನೆನೆಹಾಕಿದೀನಿ. ಯಾಕೆ ಮಾವ?"

ಗೋಡೆ ಹಿಡಿದು ಹೋಗಿ ನೀರಿನಲ್ಲಿ ಕೈಯಾಡಿಸಿದರು. ಮುಚ್ಚಳ ಸಿಕ್ಕಿತು. ಚೀಟಿ ಬಿಸಿನೀರಿಗೆ ಸಡಿಲವಾಗಿ ಬೆರಳಿಗೆ ಅಂಟಿಕೊಂಡು ಬಂತು. "ಇದರ ಮೇಲೆ ಏನು ಬರೆದಿದೆ, ಓದು."

ಸೊಸೆ ಓದಿದಳು. "'ಟೊಮೆಟೊ. ಉಪ್ಪು ಹಾಕಿಲ್ಲ. ನಿಮ್ಮ ಬಿಪಿ ನೋಡ್ಕೊಂಡು ನೀವೇ ಹಾಕ್ಕೊಳ್ಳಿ.'" ಓದಿ ಮುಗಿಸುವಷ್ಟರಲ್ಲಿ ಅವಳ ದನಿ ಇಳಿದಿತ್ತು. "ಮಾವ, ಇದು... ಅತ್ತೆ ಬರೆದದ್ದಾ?"

"ಹೂಂ."

"ನಂಗೆ ಗೊತ್ತಿರ್ಲಿಲ್ಲ ಮಾವ."

"ನಿನ್ನ ತಪ್ಪೇನಿಲ್ಲಮ್ಮ. ಪಟ್ಟಿ ಹೇಳಿದ ಹಾಗೇ ಮಾಡಿದೀಯ."

ತಕ್ಕಡಿಯ ಹತ್ತಿರ ಬಂದು ಬಟ್ಟಲನ್ನು ಎತ್ತಿಕೊಂಡರು. ತಣ್ಣಗಾಗಿತ್ತು. ನಿಂತೇ, ತೋರುಬೆರಳಿನಿಂದ ಬಳಿದು ಬಳಿದು ತಿಂದರು. ಉಪ್ಪು ಜಾಸ್ತಿಯಾಗಿತ್ತು. ಹುಳಿ ಇತ್ತು, ಹಿಂದೆಯೇ ಸಣ್ಣಗೆ ಮೆಣಸಿನ ಖಾರ, ಆಕೆಯ ಕೈಯದೇ. ಒಂದು ವರ್ಷದಲ್ಲಿ ಅವರ ನಾಲಿಗೆಗೆ ಹತ್ತಿದ ಮೊದಲ ರುಚಿ ಅದು. ಕಪ್ಪು ಕನ್ನಡಕದ ಕೆಳಗಿನಿಂದ ನೀರು ಇಳಿಯತೊಡಗಿತು. ಸೊಸೆ ಗಾಬರಿಯಾಗಿ, "ಮಾವ, ಕಣ್ಣಿಗೆ ನೀರು ತಾಗಬಾರದು" ಎಂದಳು.

ಅವರು ಬಟ್ಟಲನ್ನು ಮತ್ತೆ ತಕ್ಕಡಿಯ ಮೇಲಿಟ್ಟು, ಅವಳು ನೋಡಲೆಂದು ಪಕ್ಕಕ್ಕೆ ಸರಿದು ನಿಂತರು.

"ಈಗ ಸೊನ್ನೆ ಅಂತ ಬರ್ಕೊಮ್ಮ" ಎಂದರು.