ಹರಿದ ತಿಮಿಂಗಿಲ

ಬೆರಳಿಗೆ ಸದಾ ಅಂಟು ಮೆತ್ತಿಕೊಂಡಿದ್ದ ಆಂಟಿಗೆ ಮಕ್ಕಳು ಇಟ್ಟ ಹೆಸರು ಅಂಟಾಂಟಿ. ಪುಸ್ತಕ ಕಟ್ಟುವ ಅಂಗಡಿಯಲ್ಲಿ ಹರೆಯವೆಲ್ಲ ಕಳೆದವಳು. ಅಂಗಡಿ ಮುಚ್ಚಿಹೋದ ಮೇಲೆ ಮಕ್ಕಳ ಗ್ರಂಥಾಲಯದ ಹಿಂದಿನ ಕೋಣೆಯಲ್ಲಿ ಶನಿವಾರದ ತರಗತಿ ನಡೆಸತೊಡಗಿದಳು. ಮೊದಲು ಒಂದು ಚಿತ್ರಪುಸ್ತಕ ಓದುವುದು. ಆಮೇಲೆ ಅದರಲ್ಲಿ ಕಂಡದ್ದನ್ನು ಹಳೇ ಕ್ಯಾಲೆಂಡರ್, ಪತ್ರಿಕೆ, ಮನೆಯಲ್ಲಿ ತನ್ನ ಅಕ್ಕ ಹೊಲಿದು ಉಳಿದ ಬಟ್ಟೆಚೂರುಗಳನ್ನು ಅಂಟಿಸಿ ಕೊಲಾಜ್ ಮಾಡುವುದು. ಕತ್ತರಿ ಕೊಡುತ್ತಿರಲಿಲ್ಲ.

“ಕೈಯಲ್ಲೇ ಹರೀರಿ. ಅಂಚು ಒರಟಾಗಿದ್ರೇನೆ ಚಂದ,” ಎನ್ನುತ್ತಿದ್ದಳು.

ಆ ವರ್ಷ ಸಮುದ್ರದ ಪುಸ್ತಕವೊಂದನ್ನು ಓದಿ ಮಕ್ಕಳು ಹಿಂಗೋಡೆಯ ಉದ್ದಕ್ಕೂ ಒಂದು ತಿಮಿಂಗಿಲ ಅಂಟಿಸಿದರು. ಗೋಡೆಯಾಚೆ, ಪಕ್ಕದ ನಿವೇಶನದಲ್ಲಿ, ಹೊಸ ಕಟ್ಟಡಕ್ಕೆ ಪಾಯ ತೋಡುವ ಯಂತ್ರ ದಿನವಿಡೀ ಗುಡುಗುತ್ತಿತ್ತು.

ಮುಂದಿನ ಶನಿವಾರ ಬಂದು ನೋಡಿದರೆ ತಿಮಿಂಗಿಲದ ಹೊಟ್ಟೆ ಮೇಲಿಂದ ಕೆಳಕ್ಕೆ ಹರಿದಿತ್ತು. ಗೋಡೆಯ ಪಕ್ಕ ಕೂರುತ್ತಿದ್ದ ತುಂಟ ಹುಡುಗಿಯ ಮೇಲೆ ಅಂಟಾಂಟಿಯ ಕಣ್ಣು ಬಿತ್ತು.

“ನಿನ್ ಕೈಚಳಕನಾ ಇದು?”

“ನಾನು ಮುಟ್ಟೇ ಇಲ್ಲ ಆಂಟಿ, ದೇವ್ರಾಣೆ!”

ಅಂಟಾಂಟಿ ನೀಲಿ ಕಾಗದದ ತೇಪೆ ಹಾಕಿದಳು. ಮತ್ತೊಂದು ವಾರಕ್ಕೆ ತೇಪೆಯೂ ಅದೇ ಗೆರೆಯಲ್ಲಿ ಸೀಳಿತ್ತು. ಸೀಳಿನೊಳಗೆ ಬೆರಳಿಟ್ಟಳು, ಉಗುರು ಗೋಡೆಯೊಳಕ್ಕೇ ಇಳಿಯಿತು.

ಗ್ರಂಥಪಾಲಕರನ್ನು ಕರೆದು ತೋರಿಸಿದಳು. “ಹಳೇ ಗೋಡೆ ಕಣಮ್ಮ, ಗಾರೆ ಬಿಟ್ಟಿರುತ್ತೆ. ಮೇಲಿನವರಿಗೆ ಹೇಳಿದ್ದೀನಿ, ಬಂದು ನೋಡ್ತಾರಂತೆ,” ಎಂದರು. ಹಾಗೆ ಹೇಳುತ್ತಲೇ ಅವರೂ ಗೋಡೆಯಿಂದ ತುಸು ಹಿಂದೆ ಸರಿದರು.

ಮನೆಯಲ್ಲಿ ಅಕ್ಕ, “ನಿಂಗ್ಯಾಕೆ ಊರ ಉಸಾಬರಿ? ಬೇರೆ ಗೋಡೆಗೆ ಅಂಟಿಸು,” ಎಂದಳು.

ಮುಂದಿನ ತರಗತಿಯಲ್ಲಿ ಮಕ್ಕಳನ್ನು ಬಾಗಿಲ ಕಡೆಗೇ ಕೂರಿಸಿಕೊಂಡು ಪುಸ್ತಕ ಓದುತ್ತಿದ್ದಳು. ಎಲ್ಲರ ಕೈಯೂ ಮಡಿಲಲ್ಲಿತ್ತು. ಆಚೆಯ ಯಂತ್ರ ಒಮ್ಮೆ ಗುದ್ದಿತು. ಪರ್ ಎಂದು ಕಾಗದ ಹರಿಯುವ ಸದ್ದಾಯಿತು. ಯಾರೂ ಅಲುಗಿರಲಿಲ್ಲ.

“ಆಂಟಿ, ಮತ್ತೆ ಹರೀತಾ ಇದೆ,” ಎಂದು ಆ ತುಂಟಿ ಪಿಸುಗುಟ್ಟಿದಳು.

“ಹೂಂ ಪುಟ್ಟಿ, ನೋಡ್ದೆ. ಎಲ್ರೂ ಎದ್ದೇಳಿ. ಚೀಲ ಬೇಡ, ಚಪ್ಪಲಿ ಬೇಡ. ಕೈಕೈ ಹಿಡ್ಕೊಂಡು ಗೇಟ್ ತನಕ ನಡೀರಿ.”

ಗೋಡೆ ಅಂದು ಬೀಳಲಿಲ್ಲ. ಅದೇ ಅವಳಿಗೆ ಮುಳುವಾಯಿತು. ಮಕ್ಕಳನ್ನು ಸುಮ್ಮನೆ ಹೆದರಿಸಿದಳೆಂದು ತಾಯ್ತಂದೆಯರು ರೇಗಿದರು. ತರಗತಿ ಬೇರೊಬ್ಬರ ಪಾಲಾಯಿತು. ಆದರೂ ಶನಿವಾರ ಬಂದರೆ ಅವಳು ಗೇಟಿನ ಬಳಿ ನಿಂತು, “ಹಿಂದಿನ ಕೋಣೆಗೆ ಮಾತ್ರ ಕಳಿಸಬೇಡಿ,” ಎಂದು ಬಂದವರಿಗೆಲ್ಲ ಹೇಳುತ್ತಿದ್ದಳು. ಕೆಲವರು ನಕ್ಕರು. ಕೆಲವರು ಮಗುವಿನ ಕೈ ಹಿಡಿದು ವಾಪಸಾದರು. ಬರುವವರು ಕಡಿಮೆಯಾದ ಮೇಲೆ ಗ್ರಂಥಪಾಲಕರೇ ಆ ಕೋಣೆಗೆ ಬೀಗ ಜಡಿದರು.

ಸ್ವಲ್ಪ ದಿನಕ್ಕೆ, ಒಂದು ಬೆಳಿಗ್ಗೆ, ಗೋಡೆ ಪಾಯದ ಗುಂಡಿಯೊಳಕ್ಕೆ ಕುಸಿಯಿತು. ಹಿತ್ತಲ ಮೆಟ್ಟಿಲು ಗುಡಿಸುತ್ತಿದ್ದಾಕೆಯ ತೋಳು ಮುರಿಯಿತು, ಜೀವ ಉಳಿಯಿತು. ಅಂಟಾಂಟಿ ಹೋಗಿ ನೋಡಿದಾಗ ಬಾಗಿಲು ಬೀಗದ ಸಮೇತ ನಿಂತಿತ್ತು, ಅದರ ಹಿಂದೆ ಕೋಣೆಯೇ ಇರಲಿಲ್ಲ.

ಅಲ್ಲಿಂದ ಸೀದಾ ತುಂಟಿಯ ಮನೆಗೆ ಹೋದಳು. “ನಿನ್ಮೇಲೆ ಸುಮ್‌ಸುಮ್ನೆ ಅನುಮಾನ ಪಟ್ಟೆ ಕಣೇ.”

“ನಂಗೆ ಮರ್ತೇ ಹೋಗಿತ್ತು. ಕ್ಲಾಸ್ ಯಾವಾಗ ಆಂಟಿ?”

ಈಗ ಅವಳ ತರಗತಿ ಶಾಲೆಯೊಂದರ ತೆರೆದ ಜಗಲಿಯಲ್ಲಿ ನಡೆಯುತ್ತದೆ. ಒಳಗೆ ಕೋಣೆ ಕೊಡುತ್ತೇವೆಂದರೂ ಒಪ್ಪಿಲ್ಲ. ಚಳಿಗೆ ಮಕ್ಕಳು ಮುದುಡಿಕೊಂಡೇ ಅಂಟಿಸುತ್ತಾರೆ. ಗಾಳಿಗೆ ಚೂರುಗಳು ಹಾರಿದರೆ ಅವಳೇ ಅಂಗಳದಲ್ಲಿ ಓಡಾಡಿ ಹಿಡಿದು ತರುತ್ತಾಳೆ.