ಕತ್ತರಿಗೆ ಮುಂಚಿನ ಉಸಿರು

ಟೈಲರ್ ಕಾಕನ ಎಡಗೈ ತೋರುಬೆರಳಿನ ಉಗುರು ನಡುವೆ ಸೀಳಿ ಎರಡಾಗಿತ್ತು. ಯಾವ ಕಾಲದಲ್ಲೋ ಮೆಶಿನ್ನಿನ ಸೂಜಿ ಇಳಿದದ್ದಂತೆ. ಆ ಬೆರಳನ್ನು ಬಟ್ಟೆಯ ಮೇಲೆ ಊರಿ, ಕಾಲೆರಡನ್ನೂ ಅಗಲಿಸಿ ನಿಂತು, ದೀರ್ಘವಾಗಿ ಒಂದು ಉಸಿರು ಎಳೆದುಕೊಂಡ ಮೇಲೆಯೇ ಅವರು ಕತ್ತರಿ ಹಾಕುತ್ತಿದ್ದದ್ದು. ಪೋರ್ಚುಗಲ್ಲಿನ ಆ ಹೆಸರಾಂತ ಫುಟ್‌ಬಾಲ್ ಆಟಗಾರ ಫ್ರೀ ಕಿಕ್ ಹೊಡೆಯುವ ಮುಂಚೆ ನಿಲ್ಲುವುದೂ ಹಾಗೆಯೇ.

"ಕಾಕ, ಅವನ ಎದುರು ಗೋಲ್ ಉಂಟು. ನಿಮ್ಮೆದುರು ಇರುದು ಯಾರದ್ದೋ ಪ್ಯಾಂಟು," ಎಂದು ನಾನಂದರೆ, "ಮಂಗ, ಅವನದ್ದು ತಪ್ಪಿದ್ರೆ ಇನ್ನೊಂದು ಕಿಕ್ ಸಿಗ್ತದೆ. ನಂಗೆ ಇನ್ನೊಂದು ಬಟ್ಟೆ ಯಾರು ಕೊಡ್ತಾರೆ?" ಎನ್ನುತ್ತಿದ್ದರು.

ಗಲ್ಫಿನ ಹಮ್ರಿಯಾದ ಆ ಅಂಗಡಿಯಲ್ಲಿ ನನ್ನ ಕೆಲಸ ಅಳತೆ ಬರೆದುಕೊಳ್ಳುವುದು, ಹೊಲಿದದ್ದನ್ನು ಗಾಡಿಯಲ್ಲಿ ತಲುಪಿಸುವುದು. ಸಂಬಳವಿಲ್ಲದ ಕೆಲಸ, ಎಲ್ಲರ ದನಿ ಕದಿಯುವುದು. ವೀಸಾ ಕೊಟ್ಟ ಅರಬಿ ಮಾಲಿಕ ಕಫೀಲ್ ಬೈಯುವುದು, ಇಸ್ತ್ರಿಯ ಬಂಗಾಲಿ ಅಳುವುದು, ಎಲ್ಲ ಬರುತ್ತಿತ್ತು. ನನ್ನ ಸ್ವಂತ ದನಿಯಲ್ಲಿ ಮಾತಾಡಿದಾಗ ಮಾತ್ರ ಯಾರೂ ನಗುತ್ತಿರಲಿಲ್ಲ. ನಾನು ಸುರತ್ಕಲ್ಲಿನ ತುಳುವನಾದರೂ ಕಾಕನಂಥ ಬ್ಯಾರಿಗಳ ನೆರೆಮನೆಯಲ್ಲಿ ಬೆಳೆದವನು, ಅವರ ಭಾಷೆಯೂ ಬಾಯಲ್ಲಿತ್ತು. ಒಮ್ಮೆ ಉಳ್ಳಾಲದಲ್ಲಿದ್ದ ಕಾಕನ ಹೆಂಡತಿಗೆ ಫೋನ್ ಮಾಡಿ, ಏದುಸಿರು ಬಿಡುವ ಮುದಿ ಕಾಕನ ಹಾಗೆ ಮಾತಾಡಿ ಹೆದರಿಸಿದ್ದೆ. ಅಂದಿನಿಂದ ಮಾಮಿಗೆ ನಾನು "ಆ ಪೋಕರಿ".

ಆ ಪೋರ್ಚುಗಲ್ ಆಟಗಾರ ನಿವೃತ್ತನಾದ ದಿನ ತಾನೂ ಖಲಾಸ್, ಊರಿಗೆ ಬರುತ್ತೇನೆ ಎಂದು ಕಾಕ ಮಾಮಿಗೆ ಮಾತು ಕೊಟ್ಟಿದ್ದರು. ಹಾಗಾಗಿ ಚೆಂಡನ್ನೇ ಮುಟ್ಟದ ಮಾಮಿ ಅವನ ವೃತ್ತಿಜೀವನವನ್ನು ಬೆನ್ನು ಹತ್ತಿದರು. ಇಂಗ್ಲೆಂಡಿನಿಂದ ಸ್ಪೇನಿಗೆ ಹೋದ, ಇನ್ನೂ ಎಳೆಯ. ಇಟಲಿಗೆ ಹೋದ, ಇನ್ನೇನು ಮುಗಿಯಿತು. ಮತ್ತೆ ಇಂಗ್ಲೆಂಡಿಗೇ ಹೋದ, ಅಯ್ಯೋ ರಬ್ಬೇ. ಕೊನೆಗೆ ಸೌದಿಗೆ ಬಂದಾಗ, ಮರಳುಗಾಡಿನಲ್ಲಿ ಎಷ್ಟು ದಿನ ಓಡಿಯಾನು ಎಂದು ಮಾಮಿ ಮನೆಗೆ ಬಣ್ಣ ಹೊಡೆಸಿದರು. ಅವನು ಅಲ್ಲಿಯೂ ಕರಾರು ಮುಂದುವರಿಸಿದ. ನಾನು ಫೋನಿನಲ್ಲಿ ಹೇಳಿದೆ: "ಗಲ್ಫಿಗೆ ಬಂದವ ಎರಡು ವರ್ಷ ಅಂತ ಬಂದು ಎರಡೇ ವರ್ಷಕ್ಕೆ ಹೋದದ್ದು ಉಂಟಾ ಮಾಮಿ?"

ಆಮೇಲೆ ಕಾಕನಿಗೆ ಕತ್ತರಿಯ ಮುಂಚಿನ ಒಂದು ಉಸಿರು ಸಾಲದಾಯಿತು. ಎರಡಾಯಿತು, ನಾಲ್ಕಾಯಿತು. ಬೌಷರ್‌ನ ಒಂದು ಕ್ಲಿನಿಕ್ಕಿಗೆ ಕರೆದುಕೊಂಡು ಹೋದವನು ನಾನೇ. ಡಾಕ್ಟರ್ ಹೇಳಿದ್ದನ್ನು ಕೇಳಿಸಿಕೊಂಡ ಕಾಕ ಗಾಡಿ ಹತ್ತಿದರು. ಅಂಗಡಿ ಹತ್ತಿರ ಬಂದಾಗ ಹೇಳಿದರು.

"ಅವಳಿಗೆ ವಾಯ್ಸ್ ಮೆಸೇಜ್ ಕಳಿಸ್ಬೇಕು. ನನ್ನ ಹಾಗೆ ಮಾತಾಡು. ಮೊದಲಿನ ನನ್ನ ಹಾಗೆ."

"ಗೊತ್ತಾದ್ರೆ ಮಾಮಿ ನನ್ನ ಕೊಲ್ತಾರೆ ಕಾಕ."

"ಗೊತ್ತಾದ್ರೆ ನನ್ನ ಊರಿಗೆ ಎಳೀತಾಳೆ. ಅಲ್ಲಿ ಎಲ್ಲ ರೆಡಿಮೇಡ್. ನಾನೆಂತ ಮಾಡುದು, ಗೋಡೆ ನೋಡುದಾ?"

ನಾನು ಮಾತಾಡಿದೆ. ನಾಚಿಕೆಗೆಟ್ಟು ಹೇಳುತ್ತೇನೆ, ಹೆಮ್ಮೆಯೂ ಆಗಿತ್ತು. ಪ್ರತಿ ಶುಕ್ರವಾರ ನಮಾಜು ಮುಗಿಸಿ ಬಂದ ಕಾಕ ಎದುರು ಕೂತು ತನ್ನದೇ ಗಟ್ಟಿ ದನಿ ಕೇಳಿ ತಲೆದೂಗುತ್ತಿದ್ದರು.

ಕಾರ್ಖಾನೆಯೊಂದರ ಸಮವಸ್ತ್ರ ತಲುಪಿಸಲು ನಾನು ದೂರದ ಸೂರ್ ಪಟ್ಟಣಕ್ಕೆ ಹೋಗಿದ್ದ ದಿನ, ಕಾಕ ತಾವೇ ವಾಯ್ಸ್ ಕಳಿಸಿದರು. "ಇನ್ನು ಆಗುದಿಲ್ಲ. ಅವನು ಆಡ್ಲಿ ಬಿಡಲಿ, ನಾನು ಬರ್ತೇನೆ. ಟಿಕೆಟ್ ಮಾಡ್ಲಿಕ್ಕೆ ಮಗನಿಗೆ ಹೇಳು." ಪದಪದಕ್ಕೂ ಏದುಸಿರು.

ಮಾಮಿಯ ಉತ್ತರ ಕೂಡಲೇ ಬಂತು: "ಆ ಪೋಕರಿಗೆ ಹೇಳಿ, ನಿಮ್ಮನ್ನು ಮುದುಕ ಮಾಡಿ ಅಣಕಿಸುದು ಸಾಕು ಅಂತ. ನಿಮ್ಮ ದನಿ ನಂಗೆ ಗೊತ್ತಿಲ್ವಾ?"

ಅದನ್ನು ಕೇಳಿ ಕಾಕ ನಕ್ಕರು, ಫೋನ್ ಬದಿಗಿಟ್ಟು ಬಟ್ಟೆ ಹರಡಿಕೊಂಡರು ಎಂದು ಇಸ್ತ್ರಿಯವನು ಆಮೇಲೆ ಹೇಳಿದ. ನಾನು ಮರಳುವಷ್ಟರಲ್ಲಿ ಬಟ್ಟೆ ಕತ್ತರಿಸುವ ಮೇಜಿನ ಮೇಲೆಯೇ ಅವರನ್ನು ಮಲಗಿಸಿದ್ದರು. ಹೆಗಲು ಕೊಟ್ಟು ಹೊತ್ತು ಅಮೆರಾತಿನ ಖಬರಸ್ತಾನದಲ್ಲಿ ಮಣ್ಣು ಮಾಡಿದೆವು.

ರಜೆಯಲ್ಲಿ ಕಾಕನ ಫೋನ್ ಒಪ್ಪಿಸಲು ಉಳ್ಳಾಲಕ್ಕೆ ಹೋದೆ. ಮಾಮಿ ಚಾ ಕೊಟ್ಟರು. "ಇವರ ಮಾತು ದಿನಾ ಕೇಳ್ತೇನೆ ಮಗ. ನಿನ್ನ ಆ ಏದುಸಿರಿನ ತಮಾಷೆಯದ್ದನ್ನು ಮಾತ್ರ ಆವತ್ತೇ ಅಳಿಸಿದೆ."

ಕಾಕನ ಫೋನಿನಲ್ಲಿ ಅದು ಹಾಗೇ ಇತ್ತು. ಹಾಕಿ ಕೇಳಿಸಿದೆ.

"ಮಾಮಿ, ಇದೊಂದೇ ಅವರದ್ದು. ಉಳಿದದ್ದೆಲ್ಲ ನಂದು."

ಅವರು ಅಳಲಿಲ್ಲ. ಚಾದ ಲೋಟ ಎತ್ತಿಟ್ಟು ಕೇಳಿದರು: "ಡಾಕ್ಟರ್ ಹತ್ರ ಹೋದದ್ದು ಉಂಟಂತೆ, ಅಂಗಡಿಯವರು ಮಗನಿಗೆ ಹೇಳಿದ್ದು. ಡಾಕ್ಟರ್ ಎಂತ ಹೇಳಿದ್ರು? ಜೊತೆಗೆ ನೀನೇ ಇದ್ದದ್ದಲ್ವಾ?"

"ಕೂಡ್ಲೇ ಊರಿಗೆ ಹೋಗಿ ಆಪರೇಷನ್ ಮಾಡಿಸಿದ್ರೆ ಹತ್ತು ವರ್ಷ ಇರ್ತಾರೆ ಅಂದ್ರು."

ಮಾಮಿ ತಮ್ಮ ಫೋನನ್ನು ನನ್ನ ಕಡೆ ಸರಿಸಿದರು. "ಉಳಿದದ್ದನ್ನು ನೀನೇ ಅಳಿಸು. ಕಳಿಸಿದವ ನೀನೇ ಅಲ್ವಾ."

ಒಂದೊಂದಾಗಿ ಕೇಳಿಸಿಕೊಳ್ಳುತ್ತ ಅಳಿಸಿದೆ. ಒಂದೊಂದರಲ್ಲೂ ಕಾಕ ಆರಾಮಾಗಿದ್ದರು.